ಡಕೋಟ ಎಂದರೆ ಗುಜರಿಯಲ್ಲ

ಏರುದಾರಿಯಲ್ಲಿ ಏದುಸಿರು ಬಿಡುತ್ತ, ಗಡಗಡ ಸದ್ದು ಮಾಡುತ್ತ, ಹಿಂದೆ ಕಪ್ಪು ಹೊಗೆ ಉಗುಳುತ್ತ ಹೋಗುವ ಬಸ್ಸನ್ನು ನಮ್ಮ ಜನ ಏನೆಂದು ಕರೆಯುತ್ತಾರೆ? ‘ಡಕೋಟ ಬಸ್ಸು’ ಎಂದು. ಒದ್ದರೂ ಚಾಲೂ ಆಗದ ಸ್ಕೂಟರು ಡಕೋಟ, ಬಾಗಿಲಿಗೆ ಹಗ್ಗ ಕಟ್ಟಿದ ಕಾರು ಡಕೋಟ. ಹೀಗೆ ಹೇಳಿ ನಗುವವರಲ್ಲಿ ಅನೇಕರಿಗೆ ಅದೇ ಹೆಸರಿನ ವಿಮಾನವೊಂದಿತ್ತು ಎಂಬುದು ತಿಳಿದಿರಲಾರದು. ತಿಳಿದವರಿಗೂ ಅದೊಂದು ಗುಜರಿಗೆ ಹೋದ ಹಳೆಯ ವಿಮಾನ ಎಂಬಷ್ಟೇ ನೆನಪು.

ಆದರೆ ಇದೇ ವಿಮಾನದ ದನಿಯನ್ನು ಕೇಳುವುದಕ್ಕೆಂದು ಸಾವಿರಾರು ಮೈಲಿ ಪ್ರಯಾಣ ಮಾಡುವ ಜನ ಪ್ರಪಂಚದಲ್ಲಿದ್ದಾರೆ. ರಜೆಯ ದಿನಗಳನ್ನೆಲ್ಲ ವಿಮಾನದ ಶೆಡ್ಡಿನಲ್ಲಿ ಕಳೆದು, ಕೈಗೆ ಗ್ರೀಸು ಮೆತ್ತಿಕೊಂಡು, ಎಂಬತ್ತು ವರ್ಷ ಹಳೆಯ ಎಂಜಿನ್ನನ್ನು ಬಿಚ್ಚಿ ಜೋಡಿಸುವವರಿದ್ದಾರೆ. ಇದು ಬರೀ ಹಳೆಯದರ ಮೋಹವೇ? ಅಥವಾ ಅದರಲ್ಲಿ ನಾವು ಕಲಿಯಬೇಕಾದದ್ದು ಏನಾದರೂ ಉಂಟೇ? ಬನ್ನಿ, ಸ್ವಲ್ಪ ವಿವರವಾಗಿ ನೋಡೋಣ.

ಹುಟ್ಟಿದ್ದು ಹೇಗೆ?

ಡಕೋಟ ಎಂಬುದು ಬ್ರಿಟಿಷ್ ವಾಯುಪಡೆ ಇಟ್ಟ ಹೆಸರು. ಅದನ್ನು ನಿರ್ಮಿಸಿದ ಅಮೆರಿಕದ ಡಗ್ಲಸ್ ಕಂಪನಿ ಕೊಟ್ಟ ಹೆಸರು ಡಿ.ಸಿ.-3. ಮೊದಲ ಬಾರಿಗೆ ಅದು ಹಾರಿದ್ದು 1935ರ ಡಿಸೆಂಬರ್ 17ರಂದು. ರೈಟ್ ಸಹೋದರರು ಪ್ರಪಂಚದ ಮೊದಲ ವಿಮಾನ ಹಾರಿಸಿ ಅಂದಿಗೆ ಸರಿಯಾಗಿ 32 ವರ್ಷವಾಗಿತ್ತು. 1936ರಲ್ಲಿ ಅಮೆರಿಕನ್ ಏರ್‌ಲೈನ್ಸ್ ಸಂಸ್ಥೆ ಅದನ್ನು ಪ್ರಯಾಣಿಕರ ಸೇವೆಗೆ ಇಳಿಸಿತು.

ಅದುವರೆಗೆ ವಿಮಾನ ಕಂಪನಿಗಳು ಬದುಕುತ್ತಿದ್ದದ್ದು ಬಹುಮಟ್ಟಿಗೆ ಅಂಚೆ ಚೀಲ ಹೊತ್ತು, ಅದಕ್ಕೆ ಸರ್ಕಾರ ಕೊಡುತ್ತಿದ್ದ ಹಣದಿಂದ. 21 ಜನ ಕೂರಬಹುದಾಗಿದ್ದ ಡಿ.ಸಿ.-3 ಬಂದ ಮೇಲೆ ಪ್ರಯಾಣಿಕರ ಟಿಕೆಟ್ ಹಣದಿಂದಲೇ ಲಾಭ ಮಾಡುವುದು ಸಾಧ್ಯವಾಯಿತು. ವಿಮಾನ ಪ್ರಯಾಣ ಸಾಹಸದಿಂದ ವ್ಯವಹಾರವಾದದ್ದು ಹೀಗೆ.

ಅಷ್ಟರಲ್ಲಿ ಎರಡನೆಯ ಮಹಾಯುದ್ಧ ಬಂತು. ಸೈನಿಕರನ್ನೂ ಸಾಮಾನನ್ನೂ ಸಾಗಿಸಲು ಇದೇ ವಿಮಾನದ ಸೇನಾ ರೂಪಗಳು ಕಾರ್ಖಾನೆಗಳಿಂದ ಸಾಲುಗಟ್ಟಿ ಹೊರಬಂದವು. ಅಮೆರಿಕ ಒಂದರಲ್ಲೇ ಹತ್ತು ಸಾವಿರಕ್ಕೂ ಹೆಚ್ಚು ತಯಾರಾದವು. ಸೋವಿಯತ್ ಒಕ್ಕೂಟ ಮತ್ತು ಜಪಾನ್ ಕೂಡ ಅನುಮತಿ ಪಡೆದು ತಮ್ಮ ಕಾರ್ಖಾನೆಗಳಲ್ಲಿ ಅದನ್ನು ಕಟ್ಟಿದವು. ಯುದ್ಧ ಮುಗಿದಾಗ ಇವುಗಳಲ್ಲಿ ಸಾವಿರಾರು ವಿಮಾನಗಳು ಕೆಲಸವಿಲ್ಲದೆ ನಿಂತಿದ್ದವು. ಕಡಿಮೆ ಬೆಲೆಗೆ ಸಿಗುತ್ತಿದ್ದವು. ಪ್ರಪಂಚದ ಎಷ್ಟೋ ವಿಮಾನ ಕಂಪನಿಗಳು ಹುಟ್ಟಿದ್ದೇ ಈ ಅಗ್ಗದ ಡಕೋಟಗಳಿಂದ.

ನಮ್ಮ ಆಕಾಶದಲ್ಲಿ

ಭಾರತದ ಕತೆಯೂ ಹೀಗೆಯೇ. ಇದರಲ್ಲಿ ಬೆಂಗಳೂರಿಗೆ ಒಂದು ವಿಶೇಷ ಪಾತ್ರವಿದೆ. ವಾಲ್‌ಚಂದ್ ಹೀರಾಚಂದ್ ಅವರು ಮೈಸೂರು ಸರ್ಕಾರದ ಸಹಭಾಗಿತ್ವದಲ್ಲಿ 1940ರ ಡಿಸೆಂಬರಿನಲ್ಲಿ ಸ್ಥಾಪಿಸಿದ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ ಯುದ್ಧಕಾಲದಲ್ಲಿ ಅಮೆರಿಕದ ವಾಯುಸೇನೆಯ ದೊಡ್ಡ ದುರಸ್ತಿ ಕೇಂದ್ರವಾಗಿ ಕೆಲಸ ಮಾಡಿತು. ಅಲ್ಲಿ ವಿಮಾನಗಳನ್ನು ಬಿಚ್ಚಿ ಜೋಡಿಸಿ ಕೈ ಪಳಗಿದ ನಮ್ಮ ಕೆಲಸಗಾರರು, ಯುದ್ಧದ ನಂತರ ಸೇನೆಯ ಡಕೋಟಗಳನ್ನು ನಾಗರಿಕ ವಿಮಾನಗಳಾಗಿ ಮಾರ್ಪಡಿಸಿದರು. ಸೈನಿಕರು ಕೂರುತ್ತಿದ್ದ ತಗಡಿನ ಬೆಂಚು ಹೋಗಿ ಮೆತ್ತನೆಯ ಆಸನ ಬಂತು. ಇಂದಿನ ಎಚ್.ಎ.ಎಲ್. ಬೆಳೆದದ್ದು ಇಂತಹ ಕೆಲಸಗಳ ಅನುಭವದ ಮೇಲೆ.

1953ರಲ್ಲಿ ಖಾಸಗಿ ಕಂಪನಿಗಳನ್ನು ರಾಷ್ಟ್ರೀಕರಣ ಮಾಡಿ ಇಂಡಿಯನ್ ಏರ್‌ಲೈನ್ಸ್ ಕಟ್ಟಿದಾಗ ಅದರ ಪಾಲಿಗೆ ಬಂದ 99 ವಿಮಾನಗಳಲ್ಲಿ 74 ಡಕೋಟಗಳೇ ಆಗಿದ್ದವು. 1951ರ ಡಿಸೆಂಬರ್ 25ರಂದು ಮಂಗಳೂರಿನ ಬಜ್ಪೆ ವಿಮಾನ ನಿಲ್ದಾಣ ಆರಂಭವಾದಾಗ ಪ್ರಧಾನಿ ಜವಾಹರಲಾಲ್ ನೆಹರೂ ಬಂದಿಳಿದದ್ದೂ ಡಕೋಟದಲ್ಲಿ.

1949ರಲ್ಲಿ ಆರಂಭವಾದ ರಾತ್ರಿ ವಿಮಾನ ಅಂಚೆ ಸೇವೆಯನ್ನು ಹಿರಿಯರು ಇನ್ನೂ ನೆನೆಯುತ್ತಾರೆ. ಮುಂಬಯಿ, ಕಲ್ಕತ್ತ, ದೆಹಲಿ, ಮದರಾಸು ಈ ನಾಲ್ಕು ನಗರಗಳಿಂದ ರಾತ್ರಿ ಹೊರಟ ವಿಮಾನಗಳು ನಡುರಾತ್ರಿಯ ಹೊತ್ತಿಗೆ ನಾಗಪುರದಲ್ಲಿ ಸೇರುತ್ತಿದ್ದವು. ಅಲ್ಲಿ ಅಂಚೆ ಚೀಲಗಳ ಅದಲುಬದಲು ನಡೆಯುತ್ತಿತ್ತು. ಪ್ರಯಾಣಿಕರೂ ವಿಮಾನ ಬದಲಿಸುತ್ತಿದ್ದರು. ಬೆಳಗಾಗುವಷ್ಟರಲ್ಲಿ ನಾಲ್ಕೂ ವಿಮಾನಗಳು ತಮ್ಮ ತಮ್ಮ ಊರು ಸೇರುತ್ತಿದ್ದವು. ಸಂಜೆ ಮದರಾಸಿನಲ್ಲಿ ಡಬ್ಬಿಗೆ ಹಾಕಿದ ಕಾಗದ ಮರುದಿನ ದೆಹಲಿ ಮುಟ್ಟುತ್ತಿದ್ದದ್ದು ಹೀಗೆ.

ಇನ್ನು ಸೇನೆಯ ಡಕೋಟಗಳ ಕತೆ. 1947ರ ಅಕ್ಟೋಬರ್ 27ರಂದು ಸಿಖ್ ರೆಜಿಮೆಂಟಿನ ಯೋಧರನ್ನು ಹೊತ್ತು ಶ್ರೀನಗರದಲ್ಲಿ ಇಳಿದದ್ದು ಡಕೋಟಗಳು. 1948ರ ಮೇ 24ರಂದು ಏರ್ ಕಮೊಡೋರ್ ಮೆಹರ್ ಸಿಂಗ್ ಅವರು ಹಿಮಾಲಯದ ಕಣಿವೆಗಳನ್ನು ದಾಟಿ ಲೇಹ್‌ನಲ್ಲಿ ಮೊದಲ ಬಾರಿಗೆ ವಿಮಾನ ಇಳಿಸಿದರು. ಹತ್ತು ಸಾವಿರ ಅಡಿಗೂ ಎತ್ತರದಲ್ಲಿ ಆಗತಾನೆ ಸಮಮಾಡಿದ್ದ ನೆಲ ಅದು. ಆ ವಿಮಾನವೂ ಡಕೋಟ. ಅದರಲ್ಲಿ ಪ್ರಯಾಣಿಕರಾಗಿ ಕುಳಿತಿದ್ದವರು ನಮ್ಮ ಕೊಡಗಿನ ಜನರಲ್ ಕೆ.ಎಸ್. ತಿಮ್ಮಯ್ಯ. ಗುಜರಿ ಎಂದು ನಾವು ನಗುವ ವಿಮಾನ ಮಾಡಿದ ಕೆಲಸ ಇದು.

ಎಂಜಿನ್ನಿನ ಒಳಗೆ

ಈ ವಿಮಾನಗಳ ಮೇಲೆ ಜನರಿಗೆ ಇಷ್ಟೊಂದು ಪ್ರೀತಿ ಏಕೆ? ಅದನ್ನು ತಿಳಿಯಬೇಕಾದರೆ ಎಂಜಿನ್ನು ಹೇಗೆ ಕೆಲಸ ಮಾಡುತ್ತದೆಂದು ನೋಡಬೇಕು.

ಇಂದಿನ ಜೆಟ್ ವಿಮಾನದಲ್ಲಿ ಗಾಳಿಯನ್ನು ಒಳಗೆಳೆದು, ಒತ್ತಿ, ಇಂಧನ ಉರಿಸಿ, ಬಿಸಿ ಅನಿಲವನ್ನು ಹಿಂದಕ್ಕೆ ತಳ್ಳುವ ಕೆಲಸ ಒಂದೇ ಸಮನೆ ನಡೆಯುತ್ತಿರುತ್ತದೆ. ಡಕೋಟದ ಎಂಜಿನ್ನು ಬೇರೆ ಜಾತಿಯದು. ಮೋಟಾರು ಸೈಕಲ್ಲಿನಲ್ಲಿರುವಂತೆ ಸಿಲಿಂಡರ್, ಪಿಸ್ಟನ್ ಉಳ್ಳದ್ದು. ಸೂರ್ಯನ ಸುತ್ತ ಕಿರಣಗಳಿರುವಂತೆ, ಏಳೇಳರ ಎರಡು ಸಾಲಿನಲ್ಲಿ ಹದಿನಾಲ್ಕು ಸಿಲಿಂಡರುಗಳು. ಪ್ರತಿಯೊಂದು ಎಂಜಿನ್ನಿನ ಬಲ ಸುಮಾರು 1,200 ಅಶ್ವಶಕ್ತಿ. ಇಂತಹ ಎರಡು ಎಂಜಿನ್ನುಗಳು, ಅವುಗಳ ಮೂತಿಗೆ ಒಂದೊಂದು ಪಂಖ.

ಇದನ್ನು ಚಾಲೂ ಮಾಡುವುದೇ ಒಂದು ವಿಧಿ. ವಿಮಾನ ನಿಂತಿರುವಾಗ ಎಂಜಿನ್ನಿನ ಎಣ್ಣೆ ನಿಧಾನವಾಗಿ ಕೆಳಭಾಗದ ಸಿಲಿಂಡರುಗಳಿಗೆ ಇಳಿದು ಸೇರಿಕೊಳ್ಳುತ್ತದೆ. ಗಾಳಿಯನ್ನು ಒತ್ತಬಹುದು, ಎಣ್ಣೆಯನ್ನು ಒತ್ತಲಾಗದು. ಹಾಗೆಯೇ ಚಾಲೂ ಮಾಡಿದರೆ ಪಿಸ್ಟನ್ನಿನ ದಂಡ ಬಾಗಿಹೋಗುತ್ತದೆ. ಆದ್ದರಿಂದ ಮೊದಲು ಪಂಖವನ್ನು ಕೈಯಿಂದ ಕೆಲವು ಸುತ್ತು ನಿಧಾನವಾಗಿ ತಿರುಗಿಸಿ, ಎಲ್ಲಾದರೂ ತಡೆಯುತ್ತದೆಯೇ ಎಂದು ನೋಡಬೇಕು. ಆಮೇಲೆ ಚಾಲೂ ಮಾಡಿದಾಗ ಒಂದು ಸಿಲಿಂಡರು ಕೆಮ್ಮುತ್ತದೆ, ಮತ್ತೊಂದು ಸೀನುತ್ತದೆ, ಉಳಿದ ಎಣ್ಣೆ ಸುಟ್ಟು ನೀಲಿ ಹೊಗೆಯ ಮೋಡ ಏಳುತ್ತದೆ. ಕೆಲವು ಕ್ಷಣಗಳಲ್ಲಿ ಹದಿನಾಲ್ಕೂ ಒಂದೇ ಶ್ರುತಿಗೆ ಬಂದು ಗಂಭೀರವಾದ ಗುಡುಗುಡು ದನಿ ನಿಲ್ಲುತ್ತದೆ. ಹವ್ಯಾಸಿಗಳು ದೂರದೂರದಿಂದ ಬಂದು ಕಾಯುವುದು ಈ ಕ್ಷಣಕ್ಕಾಗಿ. ಯಂತ್ರದ ಒಳಗೆ ಏನು ನಡೆಯುತ್ತಿದೆ ಎಂಬುದು ಇಲ್ಲಿ ಕಣ್ಣಿಗೆ ಕಾಣುತ್ತದೆ, ಕಿವಿಗೆ ಕೇಳುತ್ತದೆ.

ಮತ್ತೊಂದು ಪ್ರಶ್ನೆ. ಎಂಬತ್ತು ವರ್ಷವಾದರೂ ಡಕೋಟದ ಮೈ ಹೇಗೆ ಉಳಿಯಿತು? ಇಂದಿನ ವಿಮಾನಗಳು ಎತ್ತರದಲ್ಲಿ ಹಾರುವುದರಿಂದ ಒಳಗೆ ಗಾಳಿಯ ಒತ್ತಡ ತುಂಬಬೇಕು. ಪ್ರತಿ ಹಾರಾಟದಲ್ಲೂ ವಿಮಾನದ ಮೈ ಬೆಲೂನಿನಂತೆ ತುಸು ಉಬ್ಬಿ ಮತ್ತೆ ಕುಗ್ಗುತ್ತದೆ. ಸಾವಿರಾರು ಬಾರಿ ಹೀಗಾದಾಗ ಲೋಹ ದಣಿಯುತ್ತದೆ, ಬಿರುಕು ಬಿಡುತ್ತದೆ. ತಂತಿಯನ್ನು ಮತ್ತೆ ಮತ್ತೆ ಬಗ್ಗಿಸಿದರೆ ತುಂಡಾಗುವುದಿಲ್ಲವೇ, ಹಾಗೆ. ಡಕೋಟ ತಗ್ಗಿನಲ್ಲಿ ಹಾರುವ ವಿಮಾನ. ಅದರೊಳಗೆ ಒತ್ತಡ ತುಂಬುವ ವ್ಯವಸ್ಥೆಯೇ ಇಲ್ಲ. ಹಾಗಾಗಿ ಅದರ ಮೈಗೆ ಈ ದಣಿವು ಇಲ್ಲ. ತುಕ್ಕು ಹಿಡಿಯದಂತೆ ನೋಡಿಕೊಂಡು ಭಾಗಗಳನ್ನು ಬದಲಿಸುತ್ತ ಹೋದರೆ ಅದು ಬಹುಕಾಲ ಬಾಳುತ್ತದೆ. ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಬಾಸ್ಲರ್ ಸಂಸ್ಥೆ ಹಳೆಯ ಡಿ.ಸಿ.-3ಗಳಿಗೆ ಹೊಸ ಟರ್ಬೈನ್ ಎಂಜಿನ್ನು ಕೂರಿಸಿಕೊಟ್ಟದ್ದರಿಂದ, ಅವು ಅಂಟಾರ್ಕ್ಟಿಕದ ಹಿಮದ ಮೇಲೂ ದುಡಿದಿವೆ.

ಮೂರು ಬಾಲದ ಚೆಲುವೆ

ಡಕೋಟವನ್ನು ದುಡಿಯುವ ಎತ್ತು ಎನ್ನುವುದಾದರೆ, ಅದೇ ಕಾಲದ ಅರಬ್ಬಿ ಕುದುರೆ ಲಾಕ್‌ಹೀಡ್ ಕಂಪನಿಯ ಕಾನ್‌ಸ್ಟಲೇಷನ್. 1943ರಲ್ಲಿ ಮೊದಲು ಹಾರಿದ ಈ ವಿಮಾನಕ್ಕೆ ನಾಲ್ಕು ಎಂಜಿನ್ನು, ಮೀನಿನಂತೆ ಬಳುಕಿದ ಮೈ, ಹಿಂದೆ ಮೂರು ಬಾಲ. ಒಳಗೆ ಗಾಳಿಯ ಒತ್ತಡದ ವ್ಯವಸ್ಥೆ ಇದ್ದುದರಿಂದ ಮೋಡಗಳಿಗಿಂತ ಮೇಲೆ ಹಾರಬಲ್ಲುದಾಗಿತ್ತು. 1948ರ ಜೂನ್ 8ರಂದು ಏರ್ ಇಂಡಿಯಾದ ‘ಮಲಬಾರ್ ಪ್ರಿನ್ಸೆಸ್’ 35 ಪ್ರಯಾಣಿಕರೊಡನೆ ಮುಂಬಯಿಯಿಂದ ಕೈರೋ, ಜಿನೀವಾ ಮಾರ್ಗವಾಗಿ ಲಂಡನ್ನಿಗೆ ಹೊರಟಿತು. ಭಾರತದ ಮೊದಲ ಅಂತಾರಾಷ್ಟ್ರೀಯ ವಿಮಾನ ಸಂಸ್ಥೆಯ ಮೊದಲ ಪಯಣ ಅದು. ಅದೇ ವಿಮಾನ 1950ರ ನವೆಂಬರ್ 3ರಂದು ಆಲ್ಪ್ಸ್ ಪರ್ವತದ ಮೌಂಟ್ ಬ್ಲಾಂಕ್‌ಗೆ ಬಡಿದು ಅದರಲ್ಲಿದ್ದ 48 ಮಂದಿಯೂ ಅಸುನೀಗಿದರು. ಆ ಕಾಲದ ಸೊಬಗನ್ನು ನೆನೆಯುವಾಗ ಈ ಮಾತನ್ನೂ ಮರೆಯಬಾರದು. ಹಳೆಯ ವಿಮಾನಗಳು ಚೆಲುವಾಗಿದ್ದವು, ಆದರೆ ಇಂದಿನಷ್ಟು ಸುರಕ್ಷಿತವಾಗಿರಲಿಲ್ಲ.

1958ರಲ್ಲಿ ಬೋಯಿಂಗ್ 707 ಜೆಟ್ ವಿಮಾನ ಸೇವೆಗೆ ಬಂತು. 1960ರಲ್ಲಿ ಏರ್ ಇಂಡಿಯಾಕ್ಕೂ ಬಂತು. ವೇಗ ಹೆಚ್ಚು, ನಡುಕ ಕಡಿಮೆ, ಎಂಜಿನ್ನು ಬಿಚ್ಚುವ ಕೆಲಸ ಅಪರೂಪ. ಕೆಲವೇ ವರ್ಷಗಳಲ್ಲಿ ಕಾನ್‌ಸ್ಟಲೇಷನ್‌ಗಳು ಮೂಲೆ ಸೇರಿದವು. ಕೆಲವು ಸಾಮಾನು ಸಾಗಿಸಿದವು, ಬಹುಪಾಲು ಕರಗಿ ಅಲ್ಯುಮಿನಿಯಂ ಆದವು. ಒಂದು ಮಾತ್ರ 2019ರಲ್ಲಿ ನ್ಯೂಯಾರ್ಕಿನ ಕೆನಡಿ ವಿಮಾನ ನಿಲ್ದಾಣದ ಹೋಟೆಲೊಂದರ ಅಂಗಳದಲ್ಲಿ ಪಾನೀಯ ಮಂದಿರವಾಗಿ ನಿಂತಿತು.

ಬೆನ್ನು ಹತ್ತಿದವರು

ಹೀಗೆ ಮಾಯವಾಗುತ್ತಿದ್ದ ವಿಮಾನಗಳ ಬೆನ್ನು ಹತ್ತಿದವರು ಹವ್ಯಾಸಿಗಳು. ಇವರಲ್ಲಿ ಮೂರು ಬಗೆ.

ಮೊದಲನೆಯವರು ನೋಡುವವರು. ಕ್ಯಾಮೆರಾ, ದುರ್ಬೀನು, ಒಂದು ಟಿಪ್ಪಣಿ ಪುಸ್ತಕ ಇವರ ಆಸ್ತಿ. ಯಾವ ವಿಮಾನ ಯಾವ ವರ್ಷ ಕಾರ್ಖಾನೆಯಿಂದ ಹೊರಬಂತು, ಎಷ್ಟು ಕೈ ಬದಲಾಯಿತು, ಈಗ ಯಾವ ಹುಲ್ಲುಗಾವಲಿನಲ್ಲಿ ಬಿದ್ದಿದೆ ಎಂದು ನೋಂದಣಿ ಸಂಖ್ಯೆಯ ಜಾಡು ಹಿಡಿದು ಹುಡುಕುತ್ತಾರೆ. ಕೆನಡಾದ ಉತ್ತರದಲ್ಲಿ ಯೆಲ್ಲೊನೈಫ್ ಎಂಬ ಊರಿದೆ. ಅಲ್ಲಿನ ಬಫೆಲೊ ಏರ್‌ವೇಸ್ ಸಂಸ್ಥೆ 2010ರ ದಶಕದಲ್ಲೂ ಡಿ.ಸಿ.-3ರಲ್ಲಿ ಪ್ರಯಾಣಿಕರನ್ನು ದಿನಚರಿಯಂತೆ ಸಾಗಿಸುತ್ತಿತ್ತು. ಬರೀ ಆ ವಿಮಾನದಲ್ಲಿ ಕೂರುವುದಕ್ಕಾಗಿ ಕೊರೆಯುವ ಚಳಿಗೆ ಹೋದವರುಂಟು.

ಎರಡನೆಯವರು ಉಳಿಸುವವರು. ಆಸ್ಟ್ರೇಲಿಯದಲ್ಲಿ 1979ರಲ್ಲಿ ಹುಟ್ಟಿದ ಐತಿಹಾಸಿಕ ವಿಮಾನ ಪುನರುಜ್ಜೀವನ ಸಂಘ ಇದಕ್ಕೆ ಒಳ್ಳೆಯ ಉದಾಹರಣೆ. ಅಮೆರಿಕದ ಅರಿಜೋನ ಮರುಭೂಮಿಯಲ್ಲಿ ನಿಂತುಹೋಗಿದ್ದ ಒಂದು ಸೂಪರ್ ಕಾನ್‌ಸ್ಟಲೇಷನ್ ಅನ್ನು ಈ ಸಂಘ ಪಡೆಯಿತು. ಸದಸ್ಯರು ಬಾರಿ ಬಾರಿಗೂ ಅಲ್ಲಿಗೆ ಹೋಗಿ, ಬಿಸಿಲಿನಲ್ಲಿ ವರ್ಷಗಟ್ಟಲೆ ದುಡಿದು ಅದಕ್ಕೆ ಜೀವ ತುಂಬಿದರು. 1996ರ ಫೆಬ್ರವರಿಯಲ್ಲಿ ಅದು ಪೆಸಿಫಿಕ್ ಸಾಗರವನ್ನು ದಾಟಿ ತನ್ನದೇ ರೆಕ್ಕೆಯ ಮೇಲೆ ಸಿಡ್ನಿ ತಲುಪಿತು.

ಮೂರನೆಯವರು ಹಾರಿಸುವವರು. 2019ರ ಜೂನ್ 5ರಂದು, ನಾರ್ಮಂಡಿ ಆಕ್ರಮಣದ ಎಪ್ಪತ್ತೈದನೆಯ ವರ್ಷದ ನೆನಪಿಗೆ, ಇಂಗ್ಲೆಂಡಿನ ಡಕ್ಸ್‌ಫರ್ಡ್‌ನಿಂದ ಇಪ್ಪತ್ತಕ್ಕೂ ಹೆಚ್ಚು ಡಕೋಟಗಳು ಕಡಲು ದಾಟಿ ಫ್ರಾನ್ಸಿಗೆ ಹಾರಿದವು. ಅವುಗಳಲ್ಲಿ ಹಲವು ಅಮೆರಿಕದಿಂದ ಅಟ್ಲಾಂಟಿಕ್ ದಾಟಿ ಬಂದಂಥವು.

ಇದು ಅಗ್ಗದ ಹವ್ಯಾಸವಲ್ಲ. ಡಕೋಟ ಗಂಟೆಗೆ ಸುಮಾರು 350 ಲೀಟರ್ ಇಂಧನ ಕುಡಿಯುತ್ತದೆ. ಅದೂ ಜೆಟ್ ವಿಮಾನದ ಸೀಮೆಎಣ್ಣೆಯಂಥ ಇಂಧನವಲ್ಲ. ಸೀಸ ಬೆರೆಸಿದ ವಿಶೇಷ ಪೆಟ್ರೋಲು. ಎಷ್ಟೋ ವಿಮಾನ ನಿಲ್ದಾಣಗಳಲ್ಲಿ ಈಗ ಅದು ಸಿಗುವುದೇ ಇಲ್ಲ. ಜೆಟ್ ಎಂಜಿನ್ನು ಹತ್ತಾರು ಸಾವಿರ ಗಂಟೆ ದುಡಿಯಬಲ್ಲುದು. ಈ ಎಂಜಿನ್ನುಗಳನ್ನು ಸಾವಿರ, ಸಾವಿರದೈನೂರು ಗಂಟೆಗೊಮ್ಮೆ ಪೂರ್ತಿ ಬಿಚ್ಚಬೇಕು. ಬಿಚ್ಚುವುದಕ್ಕೆ ಬಲ್ಲವರು ಬೇಕು. ಎಲ್ಲಕ್ಕಿಂತ ದುಬಾರಿಯಾದದ್ದು ಇದೇ.

ಏಕೆಂದರೆ ಈ ವಿದ್ಯೆ ಪುಸ್ತಕದಲ್ಲಿ ಅರ್ಧ, ಕೈಯಲ್ಲಿ ಅರ್ಧ. ಯಾವ ಬೋಲ್ಟನ್ನು ಎಷ್ಟು ಬಿಗಿಯಬೇಕೆಂದು ಕೈಪಿಡಿ ಹೇಳುತ್ತದೆ. ಆದರೆ ದನಿ ಕೇಳಿ ಯಾವ ಸಿಲಿಂಡರು ಸೋಮಾರಿಯಾಗಿದೆ ಎಂದು ಹೇಳುವುದನ್ನು, ಸೋರಿದ ಎಣ್ಣೆಯ ಬಣ್ಣ ನೋಡಿ ರೋಗ ಗುರುತಿಸುವುದನ್ನು ಹಿರಿಯ ಮೆಕ್ಯಾನಿಕ್ಕಿನ ಪಕ್ಕದಲ್ಲಿ ನಿಂತೇ ಕಲಿಯಬೇಕು. ಆ ಹಿರಿಯರು ಒಬ್ಬೊಬ್ಬರಾಗಿ ಕಣ್ಮರೆಯಾಗುತ್ತಿದ್ದಾರೆ. ಉಳಿಸುವ ಸಂಘಗಳು ಮಾಡುತ್ತಿರುವ ನಿಜವಾದ ಕೆಲಸ ಈ ಕೈಚಳಕವನ್ನು ಮುಂದಿನ ತಲೆಮಾರಿಗೆ ದಾಟಿಸುವುದು.

ಹಾರಿಸಬೇಕೇ, ನಿಲ್ಲಿಸಬೇಕೇ?

ಇಲ್ಲಿ ಒಂದು ಕಠಿಣ ಪ್ರಶ್ನೆ ಏಳುತ್ತದೆ. ಇಷ್ಟು ಹಳೆಯ ವಿಮಾನದಲ್ಲಿ ಜನರನ್ನು ಕೂರಿಸಿಕೊಂಡು ಹಾರುವುದು ಸರಿಯೇ?

2018ರ ಆಗಸ್ಟ್ 4ರಂದು ಸ್ವಿಟ್ಜರ್ಲೆಂಡಿನ ಆಲ್ಪ್ಸ್ ಪರ್ವತದಲ್ಲಿ ಒಂದು ಜುಂಕರ್ಸ್ ಜು-52 ವಿಮಾನ ನೆಲಕ್ಕೆ ಬಿತ್ತು. 1939ರಲ್ಲಿ ತಯಾರಾದ, ಮೂರು ಪಂಖದ ಆ ವಿಮಾನದಲ್ಲಿ ಪ್ರವಾಸಿಗಳು ಹಳೆಯ ಕಾಲದ ಅನುಭವಕ್ಕೆಂದು ಕುಳಿತಿದ್ದರು. ಇಪ್ಪತ್ತು ಮಂದಿಯಲ್ಲಿ ಒಬ್ಬರೂ ಉಳಿಯಲಿಲ್ಲ. ಇಕ್ಕಟ್ಟಾದ ಕಣಿವೆಯಲ್ಲಿ ತೀರ ತಗ್ಗಿನಲ್ಲಿ, ಅಪಾಯಕರ ರೀತಿಯಲ್ಲಿ ಹಾರಿಸಿದ್ದೇ ಮುಖ್ಯ ಕಾರಣವೆಂದು 2021ರಲ್ಲಿ ಬಂದ ತನಿಖಾ ವರದಿ ಹೇಳಿತು. ವಿಮಾನದ ನಿರ್ವಹಣೆಯಲ್ಲೂ ಸರ್ಕಾರದ ಮೇಲ್ವಿಚಾರಣೆಯಲ್ಲೂ ಕೊರತೆಗಳನ್ನು ಅದು ಎತ್ತಿ ತೋರಿಸಿತು. ಪ್ರೀತಿ ಇದ್ದ ಮಾತ್ರಕ್ಕೆ ಎಚ್ಚರ ತಾನಾಗಿ ಬರುವುದಿಲ್ಲ. ಬಹುಕಾಲದ ಬಳಕೆ ಎಚ್ಚರವನ್ನು ಕುಗ್ಗಿಸಲೂ ಬಹುದು. ಈ ದುರಂತ ಕಲಿಸಿದ ಪಾಠ ಇದು.

ಅದೇ 2018ರಲ್ಲಿ ಜರ್ಮನಿಯ ಲುಫ್ತಾನ್ಸಾ ಕೂಡ ತನ್ನ ಕಾನ್‌ಸ್ಟಲೇಷನ್ ವಂಶದ ಒಂದು ವಿಮಾನವನ್ನು ಮತ್ತೆ ಹಾರಿಸುವ ಕೆಲಸವನ್ನು, ಹತ್ತು ವರ್ಷ ದುಡಿದ ಮೇಲೆ, ಅರ್ಧಕ್ಕೆ ನಿಲ್ಲಿಸಿತು. ಖರ್ಚು ಅಳತೆ ಮೀರಿತ್ತು. ಆಸ್ಟ್ರೇಲಿಯದ ಲಾಂಗ್‌ರೀಚ್‌ನಲ್ಲಿರುವ ಕ್ವಾಂಟಾಸ್ ಸಂಸ್ಥಾಪಕರ ವಸ್ತುಸಂಗ್ರಹಾಲಯ ಮೊದಲೇ ಬೇರೆ ದಾರಿ ಹಿಡಿದಿತ್ತು. ಫಿಲಿಪೀನ್ಸಿನ ಮನಿಲಾದಲ್ಲಿ ಕೆಸರಿನಲ್ಲಿ ಹೂತುಹೋಗಿದ್ದ ಸೂಪರ್ ಕಾನ್‌ಸ್ಟಲೇಷನ್ ಅನ್ನು 2014ರಲ್ಲಿ ಕೊಂಡು, ಬಿಚ್ಚಿ, ಹಡಗಿನಲ್ಲಿ ತಂದು, ನೋಡುವುದಕ್ಕಷ್ಟೇ ಜೋಡಿಸಿ 2019ರಲ್ಲಿ ಜನರ ಮುಂದಿಟ್ಟಿತು. ಅದು ಹಾರುವುದಿಲ್ಲ, ಆದರೆ ಮಕ್ಕಳು ಹತ್ತಿರ ಹೋಗಿ ನೋಡಬಹುದು.

ಎರಡೂ ವಾದದಲ್ಲಿ ಹುರುಳಿದೆ. ಹಾರದ ವಿಮಾನದಲ್ಲಿ ಎಂಜಿನ್ನಿನ ವಿದ್ಯೆ ಮರೆತುಹೋಗುತ್ತದೆ ಎಂದು ಒಬ್ಬರು ಹೇಳುತ್ತಾರೆ. ಹಾರಿ ಬಿದ್ದರೆ ವಿಮಾನವೂ ಹೋಗುತ್ತದೆ, ಜೀವಗಳೂ ಹೋಗುತ್ತವೆ ಎಂದು ಇನ್ನೊಬ್ಬರು. ನಡುವಿನ ದಾರಿಯೊಂದಿದೆ. ಅಪರೂಪಕ್ಕೆ, ಪಳಗಿದ ಸಿಬ್ಬಂದಿ ಮಾತ್ರ ಹಾರಿಸುವುದು. ಹಣ ಕೊಟ್ಟವರನ್ನೆಲ್ಲ ಕೂರಿಸಿಕೊಳ್ಳದಿರುವುದು. ಎಂಜಿನ್ನನ್ನು ನೆಲದ ಮೇಲೆ ಆಗಾಗ ಓಡಿಸಿ ಜೀವಂತವಾಗಿಡುವುದು. ಹಾರಾಟ ನಿಂತರೂ ಕಲಿಕೆ ನಿಲ್ಲಬೇಕಾಗಿಲ್ಲ.

ಮರಳಿ ಬಂದ ಪರಶುರಾಮ

ನಮ್ಮ ದೇಶದಲ್ಲೂ ಒಂದು ಡಕೋಟ ಹೀಗೆ ಮರುಜನ್ಮ ಪಡೆದಿದೆ. ಬ್ರಿಟನ್ನಿನಲ್ಲಿ ಗುಜರಿಯ ಪಾಲಾಗಲಿದ್ದ ಅದನ್ನು, ಅಂದು ಕರ್ನಾಟಕದಿಂದ ರಾಜ್ಯಸಭಾ ಸದಸ್ಯರಾಗಿದ್ದ ರಾಜೀವ್ ಚಂದ್ರಶೇಖರ್ ಕೊಂಡು ದುರಸ್ತಿ ಮಾಡಿಸಿ ವಾಯುಪಡೆಗೆ ಕಾಣಿಕೆಯಾಗಿ ಕೊಟ್ಟರು. ಅವರ ತಂದೆ ಏರ್ ಕಮೊಡೋರ್ ಎಂ.ಕೆ. ಚಂದ್ರಶೇಖರ್ ಡಕೋಟ ಹಾರಿಸಿದ ಪೈಲಟ್. 2018ರ ಏಪ್ರಿಲ್‌ನಲ್ಲಿ ಅದು ಇಂಗ್ಲೆಂಡಿನಿಂದ ಹೊರಟು, ಯುರೋಪು ಮತ್ತು ಅರಬ್ ದೇಶಗಳಲ್ಲಿ ನಿಲ್ಲುತ್ತ ನಿಲ್ಲುತ್ತ ಜಾಮ್‌ನಗರಕ್ಕೆ ಬಂದಿಳಿಯಿತು. ಮೇ 4ರಂದು ದೆಹಲಿಯ ಬಳಿಯ ಹಿಂಡನ್ ನೆಲೆಯಲ್ಲಿ ವಾಯುಪಡೆಗೆ ಸೇರಿತು. ಅದರ ಹೆಸರು ಪರಶುರಾಮ. ಬಾಲದ ಮೇಲಿನ ಸಂಖ್ಯೆ ವಿ.ಪಿ. 905, 1947ರಲ್ಲಿ ಶ್ರೀನಗರದಲ್ಲಿ ಇಳಿದ ಡಕೋಟದ ನೆನಪಿಗಾಗಿ ಕೊಟ್ಟದ್ದು. 2022ರ ಗಣರಾಜ್ಯೋತ್ಸವದ ವಾಯು ಪ್ರದರ್ಶನದಲ್ಲಿ, 1971ರ ಯುದ್ಧದ ಟಂಗೈಲ್ ಕಾರ್ಯಾಚರಣೆಯ ನೆನಪಿಗೆ ರಚಿಸಿದ ವ್ಯೂಹದ ಮುಂಚೂಣಿಯಲ್ಲಿ ಡಕೋಟವೇ ಹಾರಿತು.

ಅದೇ 2022ರಲ್ಲಿ ಇಂಡಿಯನ್ ಆಯಿಲ್ ಸಂಸ್ಥೆ ಗುಜರಾತಿನ ತನ್ನ ಶುದ್ಧೀಕರಣಾಗಾರದಲ್ಲಿ ಪಿಸ್ಟನ್ ವಿಮಾನಗಳ ವಿಶೇಷ ಪೆಟ್ರೋಲನ್ನು ತಯಾರಿಸಲು ಆರಂಭಿಸಿತು. ಅದುವರೆಗೆ ಅದನ್ನು ಹೊರದೇಶದಿಂದ ತರಿಸಬೇಕಾಗಿತ್ತು. ತರಬೇತಿ ವಿಮಾನಗಳಿಗೆಂದು ತಯಾರಿಸಿದ ಈ ಇಂಧನ ಡಕೋಟದಂಥ ಹಿರಿಯರ ಹೊಟ್ಟೆಗೂ ಒಗ್ಗುವಂಥದು.

ಒಂದು ಕಾಲಕ್ಕೆ ನಮ್ಮ ಆಕಾಶವನ್ನೇ ತುಂಬಿದ್ದ ಡಕೋಟಗಳಲ್ಲಿ ಉಳಿದವು ಬೆರಳೆಣಿಕೆಯಷ್ಟು. ವಿಮಾನಗಳನ್ನು ಉಳಿಸುವುದು ಎಲ್ಲರ ಕೈಯಲ್ಲಿ ಆಗುವ ಕೆಲಸವಲ್ಲ, ನಿಜ. ಆದರೆ ಅವುಗಳೊಂದಿಗೆ ಬಾಳಿದವರ ನೆನಪನ್ನು ಉಳಿಸಬಹುದು. ಬೆಂಗಳೂರಿನ ಕಾರ್ಖಾನೆಯಲ್ಲಿ ಎಂಜಿನ್ನು ಬಿಚ್ಚಿದವರು, ವಾಯುಪಡೆಯಲ್ಲಿ ಪಂಖ ತಿರುಗಿಸಿದವರು, ನಾಗಪುರದಲ್ಲಿ ಅಂಚೆ ಚೀಲ ಎತ್ತಿದವರು, ಅವರ ಮನೆಯವರು ನಿಮ್ಮ ಬೀದಿಯಲ್ಲೇ ಇರಬಹುದು. ಟ್ರಂಕಿನಲ್ಲಿ ಹಳೆಯ ಫೋಟೋ, ಕೆಲಸದ ದಿನಚರಿ ಪುಸ್ತಕ, ಗುರುತಿನ ಚೀಟಿ ಇದ್ದರೆ ಎಸೆಯಬೇಡಿ. ಅವರನ್ನು ಕೂರಿಸಿ ಕೇಳಿ, ಅವರ ಮಾತನ್ನು ಬರೆದಿಡಿ, ಧ್ವನಿಮುದ್ರಿಸಿಡಿ. ಯಂತ್ರಕ್ಕೆ ಬಿಡಿಭಾಗ ಎಲ್ಲಿಂದಲಾದರೂ ತಂದೇವು; ಹೋದ ಅನುಭವಕ್ಕೆ ಬಿಡಿಭಾಗ ಸಿಗುವುದಿಲ್ಲ.

ಇನ್ನು ಮುಂದೆ ಗಡಗಡ ಬಸ್ಸನ್ನು ನೋಡಿ ಯಾರಾದರೂ ಡಕೋಟ ಎಂದರೆ ತಾವು ನಗಿ, ತಪ್ಪಿಲ್ಲ. ಆದರೆ ಪಕ್ಕದಲ್ಲಿ ಕುಳಿತ ಮಗುವಿಗೆ, ಆ ಹೆಸರಿನ ವಿಮಾನ ತಿಮ್ಮಯ್ಯನವರನ್ನು ಲೇಹ್‌ಗೆ ಕರೆದೊಯ್ದ ಕತೆಯನ್ನೂ ಹೇಳಿ.